ಐದನೇ ದಿನದ ಬಂಗುಡೆ

ಪುಸ್ತಕದ ಕಟ್ಟುಗಳು ಮೂಡುಬಿದಿರೆಯಿಂದ ಬಸ್ಸಿನಲ್ಲಿ ಬಂದವು. ಕಂಡಕ್ಟರ್ ಬಂಟ್ವಾಳ ಪೇಟೆಯಲ್ಲಿ ಇಳಿಸಿ ಹೋದ ಎರಡು ಕಟ್ಟುಗಳನ್ನು ಭವಿತ್ ಸ್ಪೀಕರ್ ಸಾಗಿಸುವ ಪಿಕಪ್ಪಿನಲ್ಲಿ ಹಾಕಿಕೊಂಡು ಬಂದು ಜಗಲಿಯಲ್ಲಿ ಧೊಪ್ಪೆಂದು ಇಳಿಸಿದ.

“ಅಮ್ಮಾ, ಇನ್ನೂರು ಕಾಂತಕ್ಕಂದಿರು ಬಂದಿದ್ದಾರೆ ನೋಡು. ಒಬ್ಬಳನ್ನು ಸುಧಾರಿಸುವುದೇ ಕಷ್ಟ, ಇನ್ನು ಇಷ್ಟು ಜನಕ್ಕೆ ಅನ್ನ ಹಾಕುವವರು ಯಾರು?”

“ಕೈ ತೊಳೆದು ಮುಟ್ಟು ಮಾರಾಯ,” ಒಳಗಿನಿಂದ ಓಡಿ ಬಂದ ಕಾಂತಿ ಹೇಳಿದಳು. “ನಿನ್ನ ಗ್ರೀಸು ನನ್ನ ಮುಖಕ್ಕೆ ಹತ್ತುತ್ತದೆ.”

ಮುಖಪುಟದಲ್ಲಿ ಅವಳ ಮುಖವೇ ಇತ್ತು. ಗಲ್ಲದ ಮೇಲೆ ದೊಡ್ಡ ಕಪ್ಪು ಮಚ್ಚೆ ಬಳಿದುಕೊಂಡು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ ನಿಂತ ಹಳೆಯ ನಾಟಕದ ಫೋಟೊ. ಮೇಲೆ ಹೆಸರು: ‘ಸೀರೆ ಸರಿ ಮಾಡ್ಕೊಳ್ಳಿ ಕಾಂತಕ್ಕ’. ಇಪ್ಪತ್ತೈದು ವರ್ಷ ತುಳು ನಾಟಕಗಳಲ್ಲಿ ಜನರನ್ನು ನಗಿಸಿದ ಹೆಂಗಸಿನ ನೆನಪುಗಳು. ಗಂಡ ಲೋಕನಾಥ ತೀರಿಕೊಂಡ ಮೇಲೆ ಎರಡು ಸಣ್ಣ ಗಂಡುಮಕ್ಕಳನ್ನು ಕಟ್ಟಿಕೊಂಡು ಅವಳು ಸ್ಟೇಜು ಹತ್ತಿದ್ದು. ಆ ಮಕ್ಕಳಲ್ಲಿ ದೊಡ್ಡವನು ಜಿತೇಶ್, ಈ ಮನೆಯ ಸೊಸೆ ತೃಪ್ತಿಯ ಗಂಡ. ಅವನೂ ಹೋಗಿ ಎರಡು ವರ್ಷವಾಗಿತ್ತು. ಮಡಂತ್ಯಾರಿನಲ್ಲಿ ಒಂದು ಕಾರ್ಯಕ್ರಮಕ್ಕೆ ಲೈಟು ಕಟ್ಟುವಾಗ ಕರೆಂಟು ಹೊಡೆದು ಬಿದ್ದವನು ಬೆಳ್ತಂಗಡಿಯ ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿದ್ದ. ಮೈಕು, ಲೈಟು ಬಾಡಿಗೆಗೆ ಕೊಡುವ ಅವನ ಸೌಂಡ್ಸ್ ಅಂಗಡಿಯನ್ನು ಈಗ ತಮ್ಮ ಭವಿತ್ ನೋಡಿಕೊಳ್ಳುತ್ತಿದ್ದ.

ಪುಸ್ತಕವನ್ನು ಕೈಯಾರೆ ಬರೆದವಳು ತೃಪ್ತಿ. ಎಂ.ಎ. ಓದಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಜಿತೇಶ್ ಹೋದ ವರ್ಷ ಅವಳಿಗೆ ಬೇರೆ ಯಾವ ಪುಸ್ತಕವೂ ಹಿಡಿಸುತ್ತಿರಲಿಲ್ಲ. ನಗೆನಟಿಯರು ತಮ್ಮ ಬಗ್ಗೆ ತಾವೇ ಬರೆದುಕೊಂಡ ತಮಾಷೆಯ ಪುಸ್ತಕಗಳನ್ನು ಹುಡುಕಿ ತಂದು ಓದುತ್ತಿದ್ದಳು. ಮಧ್ಯಾಹ್ನ ಕಾಂತಿ ತೊಂಡೆಕಾಯಿ ಹೆಚ್ಚುವಾಗ ಪಕ್ಕದಲ್ಲಿ ಕುಳಿತು ಅವನ್ನು ತುಳುವಿಗೆ ತಿರುಗಿಸಿ ಹೇಳುತ್ತಿದ್ದಳು.

“ಎದುರಿಗೆ ಜನ ಇಲ್ಲದೆ ನಗುವುದು ಹೇಗೆ ಮಗಾ?” ಎಂದು ಮೊದಲು ಕಾಂತಿ ಕೇಳಿದ್ದಳು. ಮೂರನೆಯ ಪುಸ್ತಕಕ್ಕಾಗುವಾಗ ಕತ್ತಿ ಕೆಳಗಿಟ್ಟು ಕೇಳತೊಡಗಿದಳು. “ಇವಳೂ ನಮ್ಮ ಹಾಗೆಯೇ ಮಾರಾಯ್ತಿ. ಮೊದಲು ತಾನೇ ಬಿದ್ದು ತೋರಿಸ್ತಾಳೆ. ಬಿದ್ದವಳನ್ನು ಮತ್ತೆ ಬೀಳಿಸುವವರು ಯಾರು?”

ಹಾಗೆ ಶುರುವಾದದ್ದು. ಕಾಂತಿ ತುಳುವಿನಲ್ಲಿ ಹೇಳುವುದು, ತೃಪ್ತಿ ಕನ್ನಡದಲ್ಲಿ ಬರೆಯುವುದು. ಐದು ತಿಂಗಳಲ್ಲಿ ಹದಿನಾಲ್ಕು ಅಧ್ಯಾಯ. ಮೂಡುಬಿದಿರೆಯಲ್ಲಿ ಸಣ್ಣ ಪ್ರಕಾಶನ ನಡೆಸುವ ಸಾಧನಾ ಎರಡು ದಿನದಲ್ಲಿ ಓದಿ ಒಪ್ಪಿದ್ದರು.

ಈಗ ಪುಸ್ತಕ ಬಿಡಿಸಿ ನೋಡಿದರೆ ಅಧ್ಯಾಯ ಹದಿನೈದಿತ್ತು. ಕೊನೆಯದರ ಹೆಸರು ‘ಐದನೇ ದಿನದ ಊಟ’.

ತೃಪ್ತಿ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಓದಿದಳು. ಗಂಡ ಸತ್ತ ಐದನೇ ದಿನ, ಮನೆಯಲ್ಲಿ ಸೂತಕ, ಉತ್ತರಕ್ರಿಯೆಯ ಬೊಜ್ಜ ಮುಗಿಯುವವರೆಗೆ ಮೀನು ಮುಟ್ಟುವ ಹಾಗಿಲ್ಲ. ಯಾವುದೋ ಕಾಗದಕ್ಕೆ ಸಹಿ ಹಾಕಲು ಕಾಂತಕ್ಕ ಬೆಳ್ತಂಗಡಿಗೆ ಹೋಗುತ್ತಾಳೆ. ಕಚೇರಿ ತೆರೆಯುವವರೆಗೆ ಹೊಟೇಲಿನಲ್ಲಿ ಕೂರುತ್ತಾಳೆ. ಮಾಣಿ ಬಂದು “ಎಂತ ಬೇಕಕ್ಕ?” ಎಂದು ಕೇಳಿದಾಗ ಬಾಯಿ ತನ್ನಷ್ಟಕ್ಕೆ “ಊಟ, ಒಂದು ಬಂಗುಡೆ ಫ್ರೈ” ಎನ್ನುತ್ತದೆ. ತಲೆಯನ್ನೂ ಬಿಡದೆ ತಿಂದು ಮುಗಿಸಿ, ಮುಳ್ಳು ನೋಡಿದಾಗಲೇ ತಾನು ವಿಧವೆ ಎಂಬುದು ನೆನಪಾಗುತ್ತದೆ. ಮೂರು ಸಲ ಸಾಬೂನು ಹಾಕಿ ಕೈ ತೊಳೆದರೂ ವಾಸನೆ ಹೋಗದು. ಸಂಜೆ ದುಃಖ ಕೇಳಲು ಬಂದ ಒಬ್ಬ ಅಜ್ಜಿ ಕೈ ಹಿಡಿದುಕೊಂಡು ಅಳುತ್ತಾ ಮೂಗು ಅರಳಿಸಿ, “ಮೀನಿನ ವಾಸನೆ ಎಲ್ಲಿಂದ?” ಎಂದಾಗ ಕಾಂತಕ್ಕ ಹೇಳುತ್ತಾಳೆ: “ಅವರು ಸ್ವರ್ಗಕ್ಕೆ ಹೋಗುವ ದಾರಿಯಲ್ಲಿ ಸಮುದ್ರ ಸಿಕ್ಕಿರಬೇಕು ಅಜ್ಜಿ.”

ತೃಪ್ತಿ ಜೋರಾಗಿ ನಕ್ಕುಬಿಟ್ಟಳು.

“ಎಂತ ಅತ್ತಿಗೆ, ಅಷ್ಟು ನಗು?” ಭವಿತ್ ಕೇಳಿದ.

ಆಗ ಅವಳು ನಗು ನಿಲ್ಲಿಸಿ ಮತ್ತೆ ಮೊದಲಿನಿಂದ ಓದಿದಳು.

ಬೆಳ್ತಂಗಡಿಗೆ ನಿಜವಾಗಿ ಹೋದವಳು ತೃಪ್ತಿ. ಜಿತೇಶ್ ಹೋದ ಐದನೇ ದಿನ, ಠಾಣೆಯಲ್ಲಿ ಹೇಳಿಕೆಗೆ ಹೆಂಡತಿಯೇ ಸಹಿ ಹಾಕಬೇಕೆಂದು ಕರೆದಿದ್ದರು. ಕರೆದುಕೊಂಡು ಹೋದವನು ಭವಿತ್. ಸಾಹೇಬರು ಬರುವುದು ತಡ ಎಂದು ಅವಳನ್ನು ಹೊಟೇಲಿನಲ್ಲಿ ಕೂರಿಸಿ, “ಒಂದು ಚಾ ಕುಡೀರಿ ಅತ್ತಿಗೆ, ಈಗ ಬರ್ತೇನೆ” ಎಂದು ಹೋಗಿದ್ದ. ತಿರುಗಿ ಬಂದಾಗ ಅವಳ ಎದುರು ಮೀನಿನ ಮುಳ್ಳು. ಭವಿತ್ ಬಿಲ್ಲು ಕೊಟ್ಟು, ಪಕ್ಕದ ಅಂಗಡಿಯಿಂದ ನಾಲ್ಕು ಪೆಪ್ಪರ್‌ಮಿಂಟ್ ತಂದು ಅವಳ ಕೈಯಲ್ಲಿಟ್ಟಿದ್ದ. ಇದನ್ನು ಅವಳು ಕಾಂತಿಯೊಬ್ಬಳಿಗೇ ಹೇಳಿದ್ದು, ಆರು ತಿಂಗಳ ಮೇಲೆ, ಇಬ್ಬರೂ ಕಲ್ಲಿನ ಮೇಲೆ ಮೀನು ಉಜ್ಜುತ್ತಿದ್ದಾಗ. ಹೇಳುತ್ತಾ ಹೇಳುತ್ತಾ ನಗು ಬಂದಿತ್ತು. ಕಾಂತಿಗೂ. ಇಬ್ಬರೂ ಮೀನು ಬಿಟ್ಟು, ಒದ್ದೆ ಕೈಯಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕಿದ್ದರು. ಆ ಮನೆಯಲ್ಲಿ ಜಿತೇಶ್ ಹೋದ ಮೇಲಿನ ಮೊದಲ ನಗು ಅದು.

ಮರುದಿನ ಬೂತಾಯಿ ಮೀನು ಬಂದಿತ್ತು. ತೃಪ್ತಿ ಕತ್ತಿ ಹಿಡಿದು ಕಲ್ಲಿನ ಈಚೆಗೆ ಕುಳಿತಳು.

“ಮಾಮಿ, ಹದಿನೈದನೆಯದ್ದು ಯಾವಾಗ ಬರೆದದ್ದು?”

“ನೀನು ನಾರಾವಿಯಲ್ಲಿ ಇದ್ದೆಯಲ್ಲ, ನಿನ್ನ ಅಮ್ಮನ ಕಣ್ಣಿನ ಆಪರೇಶನ್‌ಗೆ. ಆಗ ಸಾಧನಾ ಫೋನ್ ಮಾಡಿದರು. ಗಂಡ ಸತ್ತ ದಿನಗಳದ್ದು ಒಂದು ಬೇಕು, ನಗಿಸುವವಳು ಹೇಗೆ ಅತ್ತಳು ಅಂತ ಜನ ಕೇಳ್ತಾರೆ ಅಂದರು. ವಾಟ್ಸಾಪಿನಲ್ಲಿ ಹೇಳಿ ಕಳಿಸಿದೆ. ಅಲ್ಲಿಯ ಹುಡುಗಿ ಟೈಪ್ ಮಾಡಿದಳು.”

“ಅದು ನಂದಲ್ಲವಾ?”

ಕಾಂತಿ ಬೂತಾಯಿಯ ತಲೆ ಮುರಿದು ಬದಿಗೆ ಹಾಕಿದಳು. “ನಿನ್ನದು ಅಂತ ಹಾಕಿದ್ದರೆ ಜನ ನಿನ್ನನ್ನು ಬಿಡ್ತಿದ್ದರಾ? ನನ್ನ ಮೇಲೆ ಹಾಕಿಕೊಂಡೆ. ನನಗೆ ಅರುವತ್ತು ಕಳೀತು, ನನಗೆಂತ ಹೋಗುವುದುಂಟು?”

“ನಿಮ್ಮದೇ ಏನಾದರೂ ಹೇಳಬಹುದಿತ್ತು.”

“ಇಲ್ಲ ಮಗಾ, ಅದೇ ವಿಷಯ. ಆ ದಿನಗಳದ್ದು ನನಗೆ ಏನೂ ನೆನಪಿಲ್ಲ. ಯಾರು ಬಂದರು, ಎಂತ ತಿಂದೆ, ಮಕ್ಕಳನ್ನು ಯಾರು ಮೀಯಿಸಿದರು, ಒಂದೂ ಇಲ್ಲ. ಖಾಲಿ. ಖಾಲಿಯನ್ನು ಹೇಳಿ ಯಾರನ್ನು ನಗಿಸುವುದು?”

“ಅದಕ್ಕೆ ನನ್ನದನ್ನು ತೆಗೆದುಕೊಂಡಿರಿ.”

“ತೆಗೆದುಕೊಳ್ಳುವುದು ಎಂತದು? ನಮ್ಮಲ್ಲಿ ಆ ಕ್ರಮವೇ ಇಲ್ಲ. ಸ್ಟೇಜಿಗೆ ಹೋಗುವ ಮೊದಲು ಆ ಊರಿನವರ ಹತ್ತಿರ ಕೂತು ಸುದ್ದಿ ಕೇಳ್ತೇವೆ. ಯಾರ ಎಮ್ಮೆ ಓಡಿತು, ಯಾರ ಮದುವೆ ನಿಂತಿತು. ಅದನ್ನೇ ಸೇರಿಸಿ ಹೇಳುವುದು. ಯಾರು ಹೇಳಿ ನಗಿಸಿದರೋ ಅವರದ್ದು ಮಾತು. ನಾನು ಹೇಳಿದ ಎಷ್ಟೋ ಮಾತುಗಳನ್ನು ಬೇರೆ ತಂಡದವರು ಮರುವಾರವೇ ಹೇಳಿದ್ದಾರೆ. ನಾನು ಕೇಳಿದ್ದೇನಾ?”

“ನಾನು ಊರಿನವಳಲ್ಲ ಮಾಮಿ. ಮನೆಯವಳು.”

ಕಾಂತಿ ತಲೆಯೆತ್ತಿದಳು. “ಉಪ್ಪು ಕೊಡು,” ಎಂದಳು.

ಪುಸ್ತಕ ಊರಿನಲ್ಲಿ ಓಡಾಡತೊಡಗಿತು. ಪೇಟೆಯಲ್ಲಿ ಟೈಲರಿಂಗ್ ಅಂಗಡಿ ನಡೆಸುವ ಫರ್ಹಾನ ಒಂದು ಪ್ರತಿಯನ್ನು ಮಿಶಿನ್ನಿನ ಮೇಲೆಯೇ ಇಟ್ಟುಕೊಂಡಳು. ಬ್ಲೌಸಿನ ಅಳತೆಗೆ ಬಂದವರಿಗೆಲ್ಲ ಓದಿ ಹೇಳುವಳು. ಹೊಲಿಗೆ ಕಲಿಯುವ ಹುಡುಗಿಯರು ಸೂಜಿ ಬಿಟ್ಟು ನಗುವರು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ತೃಪ್ತಿಯ ಜೊತೆಯವರು ಒಬ್ಬರಾದ ಮೇಲೊಬ್ಬರು ಪ್ರತಿ ಕೇಳಿದರು. ಎಲ್ಲರಿಗೂ ಇಷ್ಟವಾದದ್ದು ಹದಿನೈದನೆಯದ್ದೇ.

“ನಿಮ್ಮ ಅತ್ತೆಗೆ ಎಷ್ಟು ಧೈರ್ಯ ಮಾರಾಯ್ರೆ!” ಎಂದರು ಇತಿಹಾಸದ ಮೇಡಂ. “ನನ್ನ ಅಮ್ಮ ತೀರಿಕೊಂಡಾಗ ನಾನು ಬಾತ್‌ರೂಮಿನಲ್ಲಿ ಚಾಕಲೇಟು ತಿಂದಿದ್ದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಇದನ್ನು ಓದಿ ನಿನ್ನೆ ಗಂಡನಿಗೆ ಹೇಳಿದೆ.”

ತೃಪ್ತಿ ತಲೆಯಾಡಿಸಿದಳು. ‘ನಾನು’ ಎಂದು ಬಾಯಿ ತೆರೆದರೆ ಅತ್ತೆಯ ಪುಸ್ತಕದಿಂದ ಕದ್ದು ಹೇಳಿದಂತಾಗುತ್ತಿತ್ತು.

ಸಾಧನಾ ಫೋನಿನಲ್ಲಿ ಹೇಳಿದರು: “ಗಂಡಸರು ತಮ್ಮ ಕಥೆ ಬರೆದರೆ ಸನ್ಮಾನದ ಪಟ್ಟಿ, ತೃಪ್ತಿ. ಹೆಂಗಸರು ಬರೆದರೆ ಅಳು ಅಂತ ಜನ ಪುಸ್ತಕ ಮುಟ್ಟುವುದಿಲ್ಲ. ಇದರಲ್ಲಿ ಅಳಬೇಕಾದಲ್ಲಿ ನಗು ಬರ್ತದೆ, ನಕ್ಕು ಆದ ಮೇಲೆ ಮನೆಗೆ ಹೋಗಿ ಅಳ್ತಾರೆ. ಹದಿನೈದನೆಯದ್ದು ಓದಿ ನನ್ನ ಅತ್ತೆ ಸಹ ನಕ್ಕರು. ನಾವು ಜೈನರು, ಮೀನಿನ ವಾಸನೆ ಸಹ ಆಗುವುದಿಲ್ಲ ಅವರಿಗೆ!”

ಮೂರನೆಯ ವಾರ ವಾರಿಜಕ್ಕ ರವಿಕೆ ಹೊಲಿಸಲು ಫರ್ಹಾನಳ ಅಂಗಡಿಗೆ ಹೋದರು.

ವಾರಿಜಕ್ಕ ಲೋಕನಾಥನ ಅಕ್ಕ, ಮುಂಬಯಿ ಬಿಟ್ಟು ಬಂದ ಮೇಲೆ ಇದೇ ಮನೆಯಲ್ಲಿದ್ದವರು. ಎಪ್ಪತ್ತೈದು ದಾಟಿತ್ತು. ಮನೆ ಅವರ ತಾಯಿಯಿಂದ ಬಂದದ್ದು, ಹಾಗಾಗಿ ಆ ಮನೆಯಲ್ಲಿ ಅವರ ಮಾತು ಅಂದರೆ ಮಾತು. ಕಣ್ಣು ಮಂಜು, ಪುಸ್ತಕ ಓದುವವರಲ್ಲ. ಫರ್ಹಾನ ಅವರನ್ನು ಸಂತೋಷಪಡಿಸಲೆಂದು ಸ್ಟೂಲು ಕೊಟ್ಟು ಕೂರಿಸಿ, ನಿಮ್ಮ ತಮ್ಮನ ಹೆಂಡತಿ ಬರೆದದ್ದು ಕೇಳಿ ಎಂದು ಹದಿನೈದನೆಯದ್ದನ್ನು ಪೂರ್ತಿ ಓದಿದಳು.

ಆ ದಿನ ಮಧ್ಯಾಹ್ನ ಕಾಂತಿ ಎಲ್ಲರಿಗೂ ಬಡಿಸಿದಳು. ಅನ್ನ, ಬಸಳೆ ಸಾರು, ಉಪ್ಪಿನಕಾಯಿ. ವಾರಿಜಕ್ಕ ಬಟ್ಟಲನ್ನು ಬೆರಳ ತುದಿಯಿಂದ ಆಚೆ ಸರಿಸಿದರು.

“ನನಗೆ ಬೇಡ.”

“ಎಂತ ಅಕ್ಕ, ಹೊಟ್ಟೆ ಸರಿ ಇಲ್ಲವಾ?”

“ಹೊಟ್ಟೆ ಸರಿ ಉಂಟು. ನನ್ನ ತಮ್ಮನ ಬೊಜ್ಜ ಆಗುವ ಮೊದಲು ಮೀನು ಜಗಿದವಳ ಕೈಯ ಅನ್ನ ನನಗೆ ಬೇಡ. ನಾನು ಮುಂಬಯಿಯಿಂದ ಬೊಜ್ಜಕ್ಕೆ ಬಂದಾಗ ಎಷ್ಟು ಕಣ್ಣೀರು ಹಾಕಿ ಕೂಗಿದೆ ನೀನು! ಹೊಟ್ಟೆಯಲ್ಲಿ ಬಂಗುಡೆ ಇಟ್ಟುಕೊಂಡು ಕೂಗಿದ್ದಾ?”

ಭವಿತ್ ಅನ್ನ ಕಲಸುವುದನ್ನು ನಿಲ್ಲಿಸಿದ. ಕಾಂತಿ ಸೌಟು ಹಿಡಿದೇ ನಿಂತಳು. “ನಾಟಕದವಳಲ್ಲವಾ ಅಕ್ಕ, ನಾಲ್ಕು ಸೇರಿಸಿ ಹೇಳಿದ್ದು.”

“ತಿಂದದ್ದು ಹೌದಾ, ಅಲ್ಲವಾ? ಅಷ್ಟು ಹೇಳು.”

ಕಾಂತಿ ತೃಪ್ತಿಯ ಕಡೆ ನೋಡಿ, ಕೂಡಲೇ ನೋಟ ತೆಗೆದಳು.

“ಮಾಮಿ ಅಲ್ಲ,” ಎಂದಳು ತೃಪ್ತಿ. “ತಿಂದದ್ದು ನಾನು, ದೊಡ್ಡ ಮಾಮಿ. ಜಿತೇಶ್ ಹೋದ ಐದನೇ ದಿನ. ಬೆಳ್ತಂಗಡಿಯಲ್ಲಿ.”

ವಾರಿಜಕ್ಕ ಅವಳ ಕಡೆ ತಿರುಗಿದರು. ಅವರ ಮುಖದ ಗಂಟು ಸಡಿಲವಾಯಿತು.

“ನೋಡು ಕಾಂತಿ. ಇಂಥ ಸೊಸೆ ಯಾರಿಗೆ ಸಿಗ್ತಾಳೆ? ನಿನ್ನ ತಪ್ಪನ್ನು ತನ್ನ ತಲೆಗೆ ಹಾಕಿಕೊಳ್ತಾಳೆ.”

“ನಿಜವಾಗಿ ನಾನು, ದೊಡ್ಡ ಮಾಮಿ.”

“ಸುಮ್ಮನಿರು. ಆ ದಿನಗಳಲ್ಲಿ ನಿನ್ನ ಪಕ್ಕ ಮಲಗಿದವಳು ನಾನು. ಗಂಜಿಯ ತಿಳಿ ಸಹ ಇಳಿಯುತ್ತಿರಲಿಲ್ಲ ನಿನ್ನ ಗಂಟಲಲ್ಲಿ.”

“ಆ ಸಂಜೆ ನೀವು ನನ್ನ ಕೈ ಹಿಡಿದುಕೊಂಡಿರಿ. ಎಂತದೋ ವಾಸನೆ, ಆಸ್ಪತ್ರೆಯದ್ದು ಇನ್ನೂ ಹೋಗಿಲ್ಲ ಪಾಪ ಅಂತ ಹೇಳಿದಿರಿ. ಅದು ಮೀನಿನ ವಾಸನೆ.”

“ಹೌದು ಹೇಳಿದ್ದೇನೆ. ಅದು ಆಸ್ಪತ್ರೆ ವಾಸನೆಯೇ. ಎಪ್ಪತ್ತು ವರ್ಷದಿಂದ ಮೀನು ತಿನ್ನುವವಳಿಗೆ ಮೀನಿನ ವಾಸನೆ ನೀನು ಹೇಳಿಕೊಡ್ತೀಯಾ?”

ತೃಪ್ತಿ ಭವಿತನ ಕಡೆ ತಿರುಗಿದಳು. “ಭವಿತ್, ನೀನು ನೋಡಿದ್ದೀ. ಬಿಲ್ಲು ಕೊಟ್ಟದ್ದು ನೀನು. ಹೇಳು.”

ಭವಿತ್ ಅಮ್ಮನನ್ನು ನೋಡಿದ. ಮೂಡುಬಿದಿರೆಯಲ್ಲಿ ಒಂದು ಕಾರ್ಯಕ್ರಮ, ಪುತ್ತಿಗೆಯಲ್ಲಿ ಒಂದು ಎಂದು ಅಮ್ಮನನ್ನು ಕರೆಯುವವರ ಫೋನುಗಳೆಲ್ಲ ಈಗ ಅವನಿಗೇ ಬರುತ್ತಿದ್ದವು. ಹೋದ ಕಡೆಯಲ್ಲೆಲ್ಲ ಮೈಕೂ ಅವನದ್ದೇ.

“ಎರಡು ವರ್ಷ ಆಯ್ತಲ್ಲ ಅತ್ತಿಗೆ,” ಎಂದ. “ನನಗೆ ಸರಿ ನೆನಪಿಲ್ಲ.”

ವಾರಿಜಕ್ಕ ಬಟ್ಟಲನ್ನು ತೃಪ್ತಿಯ ಕಡೆ ದೂಡಿದರು. “ನೀನು ಬಡಿಸು. ತಿನ್ನುತ್ತೇನೆ.”

ಅಂದಿನಿಂದ ಆ ಮನೆಯಲ್ಲಿ ಎರಡು ಅಡುಗೆಯಾಯಿತು. ಕಾಂತಿ ಮಾಡಿದ್ದನ್ನು ವಾರಿಜಕ್ಕ ಮುಟ್ಟುತ್ತಿರಲಿಲ್ಲ. ತೃಪ್ತಿ ಬೆಳಿಗ್ಗೆ ಒಂದು ಗಂಟೆ ಮೊದಲು ಎದ್ದು ಅವರ ಗಂಜಿ, ಚಟ್ನಿ, ಮಧ್ಯಾಹ್ನದ ಪಲ್ಯ ಮಾಡಿಟ್ಟು ಕಾಲೇಜಿನ ಬಸ್ಸು ಹಿಡಿಯಬೇಕಿತ್ತು. ಯಾರು ಬಂದರೂ ವಾರಿಜಕ್ಕ ಜಗಲಿಯಲ್ಲಿ ಕೂರಿಸಿ ಹೇಳುವರು: “ಅತ್ತೆ ಮಾಡಿದ್ದನ್ನು ತಾನು ಮಾಡಿದೆ ಅಂತ ಹೇಳಿದ ಹುಡುಗಿ ಇವಳು.” ಬಂದವರು ತೃಪ್ತಿಯನ್ನು ನೋಡುವರು. ತೃಪ್ತಿ ಚಾ ತಂದಿಡುವಳು.

ಬಾವಿಕಟ್ಟೆಯಲ್ಲಿ ಭವಿತ್ ಒಬ್ಬನೇ ಸಿಕ್ಕಾಗ ಅವಳು ಕೇಳಿದಳು. “ಪೆಪ್ಪರ್‌ಮಿಂಟ್ ಸಹ ನೆನಪಿಲ್ಲವಾ?”

ಅವನ ಕಿವಿ ಕೆಂಪಾಯಿತು. “ನೆನಪುಂಟು ಅತ್ತಿಗೆ. ಆದರೆ ಈಗ ಹೇಳಿದರೆ ಅಮ್ಮ ಸುಳ್ಳು ಬರೆದದ್ದು ಅಂತ ಆಗ್ತದೆ. ಇಷ್ಟು ವರ್ಷ ಆದ ಮೇಲೆ ಜನ ಅಮ್ಮನನ್ನು ಮೇಡಂ ಅಂತ ಕರೀತಾರೆ. ಸ್ವಲ್ಪ ದಿನ ಬಿಡಿ ನೀವು.”

“ಸ್ವಲ್ಪ ದಿನ ಆದ ಮೇಲೆ ಹೇಳ್ತೀಯಾ?”

ಅವನು ಕೊಡಪಾನ ಎತ್ತಿಕೊಂಡು ಹೋದ.

ಮುಂದಿನ ವಾರ ಸಾಧನಾ ಎರಡನೆಯ ಪುಸ್ತಕ ಕೇಳಿದರು. ಅತ್ತೆ ಸೊಸೆಯ ತಮಾಷೆಗಳು ಎಂದರೆ ಜನ ಮುಗಿಬೀಳುತ್ತಾರೆ ಎಂದರು. ಕಾಂತಿ ಹೊಸ ನೋಟ್‌ಬುಕ್ ತಂದು, ಮಧ್ಯಾಹ್ನ ಅಲಸಂಡೆ ಹೆಚ್ಚಲು ಕುಳಿತು ಕರೆದಳು.

“ಬಾ ಮಗಾ, ಶುರು ಮಾಡುವ.”

“ನಾನು ಬರೆಯುವುದಿಲ್ಲ ಮಾಮಿ.”

“ಇನ್ನೂ ಅದೇ ಕೋಪವಾ? ನಾನು ನಿನ್ನ ಒಳ್ಳೆಯದಕ್ಕೆ ಮಾಡಿದ್ದು. ಅಕ್ಕ ಈಗ ನನ್ನ ಮುಖ ನೋಡುವುದಿಲ್ಲ. ಅದು ನಿನ್ನ ಪಾಲಿಗೆ ಬರಬೇಕಿತ್ತು, ನಾನು ತಿನ್ನುತ್ತಿದ್ದೇನೆ. ಅದು ಲೆಕ್ಕಕ್ಕೆ ಇಲ್ಲವಾ?”

“ನಾನು ನಿಮ್ಮ ಹತ್ತಿರ ಹಾಗೆ ಕೇಳಿರಲಿಲ್ಲ.”

“ಹಾಗಾದರೆ ಎಂತ ಮಾಡಬೇಕು, ಅದನ್ನಾದರೂ ಹೇಳು.”

“ಒಮ್ಮೆ ಜನರ ಎದುರು ಹೇಳಿ. ಇದು ನನ್ನದಲ್ಲ, ತೃಪ್ತಿಯದ್ದು ಅಂತ.”

ಜಗಲಿಯಲ್ಲಿ ವಯರು ಸುತ್ತುತ್ತಿದ್ದ ಭವಿತ್ ಅಲ್ಲಿಂದಲೇ ಹೇಳಿದ: “ಎಲ್ಲರಿಗೂ ಗೊತ್ತಾಗಬೇಕಾ ಅತ್ತಿಗೆ ನಿಮಗೆ?”

“ಹೌದು.”

“ನಾಚಿಕೆ ಆಗುವುದಿಲ್ಲವಾ ನಿನಗೆ?” ಕಾಂತಿ ನಿಜವಾಗಿಯೇ ಆಶ್ಚರ್ಯದಿಂದ ಕೇಳಿದಳು.

“ನಾಚಿಕೆಯೂ ನನ್ನದೇ ಮಾಮಿ.”

ಕಾಂತಿ ಒಂದೊಂದೇ ಅಲಸಂಡೆಯ ನಾರು ತೆಗೆದಳು. ಅರ್ಧ ಮೊರ ಮುಗಿದ ಮೇಲೆ, “ಭಾನುವಾರ ಮೂಡುಬಿದಿರೆಯಲ್ಲಿ ಹೇಳ್ತೇನೆ,” ಎಂದಳು. “ನೀನೂ ಬಾ. ನಿನ್ನ ಎದುರೇ ಹೇಳ್ತೇನೆ.”

ಭಾನುವಾರ ಮೂರು ಗಂಟೆಗೆ ಮೂಡುಬಿದಿರೆಯ ಸಭಾಭವನ ತುಂಬಿತ್ತು. ನಾರಾವಿ, ಬೆಳ್ತಂಗಡಿಯಿಂದಲೂ ಹೆಂಗಸರು ಬಂದಿದ್ದರು. ಸಾಧನಾ ತೃಪ್ತಿಯನ್ನು ಎರಡನೆಯ ಸಾಲಿನಲ್ಲಿ ಕೂರಿಸಿದರು. ಭವಿತ್ ಮೈಕಿನ ಪೆಟ್ಟಿಗೆಯ ಹತ್ತಿರ ನಿಂತಿದ್ದ.

ಕಾಂತಿ ಮೈಕು ಹಿಡಿದು ಒಂದು ಗಂಟೆ ಮಾತಾಡಿದಳು. ಗಂಡು ಪಾತ್ರದವನ ಮೀಸೆ ತನ್ನ ಕೆನ್ನೆಗೆ ಅಂಟಿಕೊಂಡದ್ದು, ಕರೆಂಟು ಹೋದಾಗ ಕತ್ತಲಲ್ಲಿ ಮತ್ತೊಬ್ಬಳ ಸೀರೆ ಉಟ್ಟು ಬಂದದ್ದು. ಹೆಂಗಸರು ಕಣ್ಣೊರೆಸಿಕೊಂಡು ನಕ್ಕರು. ಹದಿನೈದನೆಯದ್ದನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು. ಮಾಣಿ, ಬಂಗುಡೆ, ಸಾಬೂನು, ಸ್ವರ್ಗದ ದಾರಿಯ ಸಮುದ್ರ. ಚಪ್ಪಾಳೆ ನಿಲ್ಲುವವರೆಗೆ ಕಾದು ಹೇಳಿದಳು:

“ಈಗ ಒಂದು ಸತ್ಯ ಹೇಳ್ತೇನೆ. ಇದು ನನ್ನ ಕಥೆ ಅಲ್ಲ.”

ತೃಪ್ತಿ ಕುರ್ಚಿಯ ಕೈ ಹಿಡಿದುಕೊಂಡಳು.

“ಮೀನು ತಿಂದದ್ದು ನನ್ನ ಸೊಸೆ. ಅಲ್ಲಿ ಕೂತಿದ್ದಾಳಲ್ಲ, ಅವಳು.”

ಒಂದು ಕ್ಷಣ ಬಿಟ್ಟು ಸಭೆ ನಗುವಿನಿಂದ ಬಿರಿಯಿತು. ಹಿಂದಿನಿಂದ ಯಾರೋ ಕೂಗಿದರು: “ಹೌದಕ್ಕ, ತಪ್ಪೆಲ್ಲ ಸೊಸೆಯದ್ದೇ! ನಮ್ಮ ಮನೆಯಲ್ಲಿ ಸಹ ಹಾಗೆಯೇ!” ಅದಕ್ಕೆ ಮತ್ತೂ ನಗು. ಸಾಧನಾ ಹೊಟ್ಟೆ ಹಿಡಿದುಕೊಂಡು ಬಗ್ಗಿದರು.

ಕಾಂತಿ ಮೈಕನ್ನು ಬಾಯಿಯಿಂದ ಸ್ವಲ್ಪ ಕೆಳಗೆ ಇಳಿಸಿ, ಒಂದು ಕೈಯನ್ನು ಸೊಂಟಕ್ಕಿಟ್ಟು ನಿಂತಳು. ನಗು ಏರಿತು, ಇಳಿಯಿತು. ಇಳಿಯುತ್ತಿರುವಾಗ ಸರಿಯಾಗಿ ಮೈಕೆತ್ತಿ, “ನೋಡಿ, ಸತ್ಯ ಹೇಳಿದರೆ ಯಾರೂ ನಂಬುವುದಿಲ್ಲ,” ಎಂದಳು. ಸಭೆ ಮತ್ತೆ ಬಿರಿಯಿತು.

ಪಕ್ಕದ ಹೆಂಗಸು ತೃಪ್ತಿಯ ತೊಡೆ ತಟ್ಟಿದಳು. “ಪುಣ್ಯವಂತೆ ನೀವು. ಮನೆಯಲ್ಲಿ ದಿನಾ ಹೀಗೆಯೇ ಅಲ್ಲವಾ?”

ತಿರುಗಿ ಬರುವಾಗ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಮೂವರೂ ಒತ್ತಾಗಿ ಕುಳಿತರು. ಪಿಕಪ್ಪು ಸಿದ್ದಕಟ್ಟೆ ದಾಟಿತು.

“ಹೇಳಿದೆ, ಅಲ್ಲವಾ?” ಕಾಂತಿಯೇ ಬಾಯಿ ತೆರೆದಳು. “ಒಪ್ಪಿದ ಹಾಗೆ ಹೇಳಿದೆ.”

“ಹೇಳಿದಿರಿ.”

“ಜನ ನಕ್ಕರೆ ನಾನೆಂತ ಮಾಡಲಿ?”

“ನೀವು ನಿಂತಿರಿ ಮಾಮಿ. ನಗು ಮುಗಿಯುವವರೆಗೆ ನಿಂತಿರಿ. ಮತ್ತೆ ಇನ್ನೊಮ್ಮೆ ನಗಿಸಿದಿರಿ.”

ಕಾಂತಿ ಮಡಿಲಲ್ಲಿದ್ದ ಹಾರದ ಒಂದೊಂದೇ ಹೂವನ್ನು ಸರಿ ಮಾಡಿದಳು. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. “ಅಭ್ಯಾಸ,” ಎಂದಳು. ಸ್ವಲ್ಪ ದೂರ ಹೋದ ಮೇಲೆ, “ಗೊತ್ತಿತ್ತು ನನಗೆ. ನಿಲ್ಲಬಾರದು ಅಂತ ಗೊತ್ತಿತ್ತು. ಆದರೆ ಅಂಥ ನಗು ಬರುವಾಗ ಬಿಟ್ಟು ಮಾತಾಡಲಿಕ್ಕೆ ಆಗುವುದಿಲ್ಲ ಮಗಾ,” ಎಂದಳು.

ಭವಿತ್ ಗೇರು ಬದಲಿಸಿದ.

“ಒಂದು ಕೇಳ್ತೇನೆ,” ಕಾಂತಿ ತೃಪ್ತಿಯ ಕಡೆ ತಿರುಗಿದಳು. ಸ್ವರ ಮೆತ್ತಗಾಗಿತ್ತು, ತರಕಾರಿ ಹೆಚ್ಚುವಾಗಿನ ಸ್ವರ. “ಆ ಹೊಟೇಲಿನದ್ದು ನೀನು ನನಗೆ ಪೂರ್ತಿ ಹೇಳಿಲ್ಲ. ನಡುವಿನಲ್ಲಿ ಎಂತದೋ ಬಿಟ್ಟಿದ್ದಿ. ನನಗೆ ಆವತ್ತೇ ಗೊತ್ತಾಗಿತ್ತು. ಉಂಟಲ್ಲ?”

“ಉಂಟು.”

“ಹೇಳು. ನನ್ನ ಹತ್ತಿರ ಅಲ್ಲವಾ?”

“ಇಲ್ಲ ಮಾಮಿ.”

“ಯಾರಿಗೂ ಹೇಳುವುದಿಲ್ಲ. ಆಣೆ.”

ತೃಪ್ತಿ ರಸ್ತೆ ನೋಡುತ್ತಾ ಕುಳಿತಳು. ಕಾಂತಿ ಇನ್ನೂ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿ, ಮುಂದಕ್ಕೆ ತಿರುಗಿದಳು.

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ವಾರಿಜಕ್ಕ ಬಾಗಿಲಲ್ಲೇ ನಿಂತಿದ್ದರು. ಫರ್ಹಾನ ಬಂದು ಮೊಬೈಲಿನಲ್ಲಿ ಕಾರ್ಯಕ್ರಮ ತೋರಿಸಿ ಹೋಗಿದ್ದಳಂತೆ.

“ಬಾ ಮಗಾ, ನೀನು ಒಳಗೆ ಬಾ,” ಎಂದು ತೃಪ್ತಿಯ ರಟ್ಟೆ ಹಿಡಿದು ಕರೆದುಕೊಂಡು ಹೋದರು. ಕಾಂತಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: “ಇಷ್ಟು ದಿನ ಪುಸ್ತಕದಲ್ಲಿ. ಈಗ ತಾನು ತಿಂದದ್ದನ್ನು ಸ್ಟೇಜಿನಲ್ಲಿ ನಿನ್ನ ಮೇಲೆ ಹಾಕಿ ಊರನ್ನು ನಗಿಸಿದ್ದಾಳೆ. ನಾಲಿಗೆಯಾ ಅದು?”

ಕಾಂತಿ ಜಗಲಿಯಲ್ಲೇ ಚಪ್ಪಲಿ ಕಳಚುತ್ತಾ ನಿಂತಳು. ಭವಿತ್ ಸ್ಪೀಕರ್ ಇಳಿಸಲು ಹೋದ.

ವಾರಿಜಕ್ಕ ಆ ದಿನ ತಾವೇ ಅಡುಗೆ ಮಾಡಿದ್ದರು. ಮಂಜುಗಣ್ಣಿನಲ್ಲಿ ತಡಕಾಡಿ ಮಾಡಿದ ಸಾರಿಗೆ ಉಪ್ಪು ಹೆಚ್ಚಾಗಿತ್ತು. ತೃಪ್ತಿಯನ್ನು ಮಣೆಯ ಮೇಲೆ ಕೂರಿಸಿ, ಎದುರು ಕುಳಿತು, ಅವಳು ಉಣ್ಣುವುದನ್ನೇ ನೋಡಿದರು.

“ಜನ ಏನು ಬೇಕಾದರೂ ಹೇಳಲಿ,” ಎಂದರು. “ನೀನು ಅಂಥವಳಲ್ಲ ಅಂತ ನನಗೆ ಗೊತ್ತುಂಟು.”

“ಅಂಥವಳೇ, ದೊಡ್ಡ ಮಾಮಿ,” ಎಂದು ತೃಪ್ತಿ ಬಟ್ಟಲನ್ನು ಮುಂದೆ ಸರಿಸಿದಳು. “ಇನ್ನು ಸ್ವಲ್ಪ ಅನ್ನ ಹಾಕಿ.”